ಏಳು ಲೋಟದ ಚೌಕ

ನನಗೆ ಎರಡು ಕಾಯಿಲೆಗಳಿವೆ. ಶುಗರನ್ನು ಡಾಕ್ಟರು ಪತ್ತೆ ಮಾಡಿದರು; ಹೊಟ್ಟೆಕಿಚ್ಚನ್ನು ನಾನೇ ಪತ್ತೆ ಮಾಡಿಕೊಂಡೆ. ಮೊದಲನೆಯದಕ್ಕೆ ಮಾತ್ರೆಯಿದೆ. ಎರಡನೆಯದು ಶುರುವಾದದ್ದು ಚಳ್ಳಕೆರೆಯ ನಮ್ಮ ಕಾಲೇಜಿಗೆ ನನ್ನದೇ ವಿಷಯ ಕಲಿಸಲು ಶೈಲಜಾ ಮೇಡಂ ಬಂದಂದಿನಿಂದ. ಇಪ್ಪತ್ತು ವರ್ಷಗಳಿಂದ ನಾನು ಸಂಖ್ಯಾಶಾಸ್ತ್ರದ ತರಗತಿಯಲ್ಲಿ, ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆಯೆಂದು ಅಳೆಯುವ ಮಾನಕ ವಿಚಲನೆಯ ಸೂತ್ರವನ್ನು ಬೋರ್ಡಿನ ತುಂಬ ಬರೆಯುತ್ತ ಬಂದಿದ್ದೇನೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಇಳಿಸಿ, ಗೇಟು ದಾಟುವಷ್ಟರಲ್ಲಿ ಮರೆಯುತ್ತಿದ್ದರು. ಯಾರಿಗೂ ಅರ್ಥವಾಗದ ವಿಷಯದ ಮೇಷ್ಟ್ರಿಗೆ ಊರಿನಲ್ಲಿ ಒಂದು ಗೌರವವಿರುತ್ತದೆ. ಮೇಡಂ ಕೈ ಹಾಕಿದ್ದು ಆ ಗೌರವಕ್ಕೇ.

ಕಳೆದ ವಾರ ಅವರು ಅಂಗಳದಲ್ಲಿ ಸುಣ್ಣದ ಪುಡಿಯಿಂದ ಉದ್ದ ಗೆರೆ ಎಳೆದು, ಹೆಜ್ಜೆಗೊಂದು ಅಂಕಿ ಬರೆದು, ಕಾಲೇಜಿನಲ್ಲಿ ದಿನಕ್ಕೆ ಎಷ್ಟು ಲೋಟ ಟೀ ಕುಡಿಯುತ್ತೀರೋ ಆ ಅಂಕಿಯ ಮೇಲೆ ನಿಲ್ಲಿ ಎಂದು ನನ್ನನ್ನೂ ಸೇರಿಸಿ ನಾಲ್ವರು ಅಧ್ಯಾಪಕರನ್ನು ಕರೆದು, ಐದನೆಯವರಾಗಿ ತಾವೂ ನಿಂತರು. ಸುಳ್ಳು ಹೇಳೋಣವೆಂದರೆ ಟೀ ತರುವ ಓಬಣ್ಣ ಅಲ್ಲೇ ನಿಂತಿದ್ದ. ಹೋಗಿ ಏಳರ ಮೇಲೆ ನಿಂತೆ. ಸರಾಸರಿ ಮೂರು ಬಂತು. ಮೂರರಿಂದ ಯಾರು ಎಷ್ಟು ಹೆಜ್ಜೆ ದೂರವೋ ಅಷ್ಟೇ ಉದ್ದದ ಬದಿಯಿರುವ ಒಂದು ಚೌಕ ಅವರದು. ಎಲ್ಲ ಚೌಕಗಳ ಜಾಗವನ್ನು ಕೂಡಿಸಿ ಐವರಿಗೂ ಸಮನಾಗಿ ಹಂಚಿದರೆ ಒಬ್ಬೊಬ್ಬರ ಪಾಲಿಗೆ ಬರುವ ಚೌಕದ ಬದಿಯೇ ಮಾನಕ ವಿಚಲನೆ. ನನ್ನ ತರಗತಿಯಲ್ಲಿ ಒಮ್ಮೆಯೂ ಬಾಯಿ ಬಿಡದ ಬೋರಮ್ಮ, "ಇಷ್ಟೇನಾ ಸಾರ್ ಅದು?" ಎಂದು ನನ್ನನ್ನೇ ಕೇಳಿದಳು. ಹೊಟ್ಟೆ ಉರಿದುಹೋಯಿತು. ಮೇಡಂ ಸರಿಯಾಗಿ ಮೂರರ ಮೇಲೆ ನಿಂತದ್ದರಿಂದ ಅವರಿಗೆ ಚೌಕವೇ ಇಲ್ಲ, ನನ್ನದೇ ಎಲ್ಲರಿಗಿಂತ ದೊಡ್ಡದು ಎಂಬುದಷ್ಟೇ ಸಮಾಧಾನ.

ಸಂಜೆ ಹೆಂಡತಿಯ ಹತ್ತಿರ ಹೇಳಿಕೊಂಡರೆ ಅವಳೂ ಮೇಡಂ ಅವರನ್ನೇ ಹೊಗಳಿದಳು. ಮೊಳಕಾಲ್ಮೂರಿನ ನೇಕಾರರ ಮನೆಯವಳು. ಗ್ರಾಫ್ ಹಾಳೆಯ ಮೇಲೆ ಸೀರೆಯ ನಕ್ಷೆ ನೋಡುತ್ತಲೇ ಬೆಳೆದವಳು. ನನಗೂ ಬರುತ್ತದೆಂದು ತೋರಿಸಲೇಬೇಕಾಯಿತು. ರಂಗೋಲಿ ಡಬ್ಬಿ ತಂದು ನಡುಮನೆಯಲ್ಲೇ ಗೆರೆ ಎಳೆದೆ. ಇದು ಸರಾಸರಿ, ಮೂರು ಲೋಟ; ಅಲ್ಲಿಂದ ನಾಲ್ಕು ಹೆಜ್ಜೆ ಆಚೆಯವರೆಗಿನ ಈ ದೊಡ್ಡ ಚೌಕ ನನ್ನದು ಎಂದು ಎದೆಯುಬ್ಬಿಸಿ ಹೇಳಿದೆ. ಅವಳು ಸೊಂಟದ ಮೇಲೆ ಕೈಯಿಟ್ಟು ಗೆರೆಯ ಮೇಲಿನ ಹೆಜ್ಜೆಗಳನ್ನು ಎಣಿಸಿದಳು.

"ಮೂರಕ್ಕೆ ನಾಲ್ಕು ಸೇರಿದ್ರೆ ಏಳಾತು. ಶುಗರ್ ಬಂದ ಮ್ಯಾಲೆ ಕಾಲೇಜಾಗೆ ಟೀ ಮುಟ್ಟಾಕಿಲ್ಲ ಅಂದಿದ್ರಲ್ರೀ?"

ಇಪ್ಪತ್ತು ವರ್ಷಗಳಲ್ಲಿ ನನ್ನ ಪಾಠ ಒಂದೇ ಸಲಕ್ಕೆ ಅರ್ಥವಾದದ್ದು ಅವಳೊಬ್ಬಳಿಗೆ. ಸುಲಭವಾಗಿ ಹೇಳಿಕೊಡುವುದರಲ್ಲಿ ಇಂಥ ಅಪಾಯವಿದೆಯೆಂದು ಮೇಡಂ ತಿಳಿಸಿರಲಿಲ್ಲ. ಈಗ ಸ್ಟಾಫ್ ರೂಮಿನಲ್ಲಿ ಅವರು ಮೂರನೆಯ ಲೋಟ ಹೀರುವಾಗ ನಾನು ಎದುರಿಗೆ ಕೂತು ಬಿಸಿನೀರು ಕುಡಿಯುತ್ತೇನೆ. ಅವರ ಪಾಠದ ಮೇಲಿದ್ದ ಹೊಟ್ಟೆಕಿಚ್ಚು ಪೂರ್ತಿ ಹೋಗಿದೆ. ಈಗಿರುವುದೆಲ್ಲ ಆ ಲೋಟದ ಮೇಲೆ.