ನಮ್ಮತ್ತೆ ಸಹಿ ಹಾಕಿದ ಪ್ರಯೋಗ

ನಮ್ಮ ಸೋದರತ್ತೆಗೆ ಶ್ವಾಸಕೋಶದ ಕ್ಯಾನ್ಸರ್ ಬಂದಿದೆ ಎಂದು ತಿಳಿದಾಗ ನನಗೆ ಮೊದಲು ಕನಿಕರ ಹುಟ್ಟಿದ್ದು ಕ್ಯಾನ್ಸರಿನ ಮೇಲೆ! ತಪ್ಪು ತಿಳಿಯಬೇಡಿ. ಮಖ್ತಲ್ ಸಂತೆಯಲ್ಲಿ ನಲವತ್ತು ವರ್ಷ ಕಂಬಳಿ ಮಾರಿದ ಹೆಂಗಸು ಅವಳು. ಕಂಬಳಿಯ ಅಂಚು ಜಗ್ಗಿ ನೋಡಿದ ಗಿರಾಕಿಗಳ ಗತಿ ಏನಾಯಿತು ಎಂಬುದನ್ನು ಕಣ್ಣಾರೆ ಕಂಡವನು ನಾನು.

ರೋಗಕ್ಕಿಂತ ಅವಳನ್ನು ಕೆರಳಿಸಿದ್ದು ಒಂದು ಪ್ರಶ್ನೆ. ನೋಡಲು ಬಂದವರೆಲ್ಲ ದನಿ ತಗ್ಗಿಸಿ ಅದನ್ನೇ ಕೇಳುತ್ತಿದ್ದರು. ಗದ್ವಾಲದಿಂದ ಬಂದ ಅವಳ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ, ಅವನೂ ಕೇಳಿಬಿಟ್ಟ: “ಅಕ್ಕ, ನೀ ಬೀಡಿ ಸೇದ್ತಿದ್ದಿ ಏನು?”

“ಒಲಿ ಊದೀನಿ, ಕಂಬಳಿಗೆ ಉಣ್ಣಿ ಹಿಂಜೀನಿ! ಬೀಡಿ ಸೇದಾವ ನಿಮ್ಮ ಮಾವ. ಗುಂಡುಕಲ್ಲಿನಂಗ ಅದಾನ. ಕಟ್ಟಿ ಮ್ಯಾಲ ಕುಂತು ಈಗೂ ಸೇದಕತ್ಯಾನ, ಹೋಗಿ ನೋಡು!”

ಕಟ್ಟೆಯ ಮೇಲಿದ್ದ ಮಾವ, ಅಂದರೆ ಅತ್ತೆಯ ಗಂಡ, ಬೀಡಿ ಆರಿಸಿ ಎದ್ದು ಹೋದದ್ದು ಕಿಟಕಿಯಲ್ಲಿ ಕಂಡಿತು. ನನಗೂ ಸಿಟ್ಟು ಬಂದಿತ್ತು. ರೋಗ ಬಂದವರನ್ನು ಮೊದಲು ಕಟಕಟೆಗೆ ಹತ್ತಿಸುವುದು ಎಂಥ ನ್ಯಾಯ? ಬೀಡಿ ಸೇದಿದ್ದರೂ ಏನಂತೆ, ಸೇದಿದವರಿಗೆ ಉಸಿರು ಬೇಡವೆ?

ಒಂದು ವರ್ಷ ಔಷಧ ನಡೆಯಿತು. ಆಮೇಲೆ ಗಡ್ಡೆ ಮತ್ತೆ ಬೆಳೆಯಿತು. ಹೊಸ ಔಷಧಗಳ ಪ್ರಯೋಗ ಎಲ್ಲೆಲ್ಲಿ ನಡೆಯುತ್ತದೆಂದು ಹುಡುಕಿ ನೋಡಿ ಎಂದರು ಹೈದರಾಬಾದಿನ ಡಾಕ್ಟರಮ್ಮ. ತೆಲುಗು ಸೀಮೆಯ ಗಡಿಯಲ್ಲಿರುವ ನಾರಾಯಣಪೇಟೆಯ ಕನ್ನಡ ಶಾಲೆಯ ಮೇಷ್ಟ್ರು ನಾನು. ಮೊಬೈಲಿನಲ್ಲಿ ಇಂಥ ಪ್ರಯೋಗಗಳ ಸರಕಾರಿ ಪಟ್ಟಿ ತೆರೆದು ಕುಳಿತೆ. ಅಯ್ಯೋ ಆ ಪಟ್ಟಿ! ಒಂದು ನಂಬರು ಎತ್ತುವವರಿಲ್ಲ. ಇನ್ನೊಂದರಲ್ಲಿ “ಭರ್ತಿ ಮುಗಿದು ಬಹಳ ದಿನ ಆಯ್ತು” ಎಂದರು. ಮುಗಿದ ಮೇಲೂ ಪಟ್ಟಿಯಲ್ಲೇಕೆ ಇಟ್ಟಿದ್ದೀರಿ ಸ್ವಾಮಿ, ಚಂದಕ್ಕೆ? ಮೂರನೆಯವರು ಕರೆದರು, ಗಡ್ಡೆಯ ಚೂರನ್ನು ಪರೀಕ್ಷಿಸಿದರು, ನಮ್ಮ ಔಷಧಕ್ಕೆ ಬೇಕಾದ ಲಕ್ಷಣ ಇದರಲ್ಲಿಲ್ಲ ಎಂದು ವಾಪಸು ಕಳಿಸಿದರು.

ಬಸ್ಸು ಕೋಸಗಿ ದಾಟುವವರೆಗೂ ಅತ್ತೆ ಕುದಿಯುತ್ತಿದ್ದಳು. “ನನ್ನ ಗಡ್ಡಿ ಇವರಿಗೆ ಲಾಯಕ್ ಇಲ್ಲಂತ! ಹೆಣ್ಣು ನೋಡಾಕ ಬಂದಿದ್ರೇನಲೇ?”

ಕೊನೆಗೆ ಡಾಕ್ಟರಮ್ಮನ ಆಸ್ಪತ್ರೆಯಲ್ಲೇ ಒಂದು ಪ್ರಯೋಗ ಶುರುವಾಯಿತು. ಸುದ್ದಿ ಕೇಳಿ ಚಿಕ್ಕಪ್ಪ ಓಡಿ ಬಂದ. “ಬ್ಯಾಡಕ್ಕ, ಇಲಿ ಮ್ಯಾಲ ಮಾಡಿದಂಗ ಮಾಡ್ತಾರ.”

“ಇಲಿ ಬಾಯಿ ತೆಗಿಯಂಗಿಲ್ಲ. ನಾ ತೆಗೀತೀನಿ.”

ತೆಗೆದಳು! ಒಪ್ಪಿಗೆ ಪತ್ರ ತೆಲುಗಿನಲ್ಲಿತ್ತು. ಡಾಕ್ಟರಮ್ಮ ರಾಯಚೂರು ಕಡೆಯವರು, ಅದು ಅವರ ದುರದೃಷ್ಟ. “ತೆಲುಗುದಾಗ ಯಾಪಾರ ಮಾಡ್ತೀನ್ರಿ, ಜಗಳ ಕನ್ನಡದಾಗ. ಇದು ಜೀವದ ಮಾತು. ಕನ್ನಡದಾಗ ತರ್ರಿ” ಎಂದು ಕೂತುಬಿಟ್ಟಳು. ಮುಂದಿನ ವಾರ ಹೋದಾಗ ಆಸ್ಪತ್ರೆಯ ನೀತಿ ಸಮಿತಿಯ ಮುದ್ರೆ ಬಿದ್ದ ಕನ್ನಡ ಪತ್ರ ಸಿದ್ಧವಿತ್ತು. ನಾನು ಗಟ್ಟಿಯಾಗಿ ಓದಿದೆ. ಪಕ್ಕದ ಬೆಂಚಿನಲ್ಲಿ ಉಟ್ಕೂರಿನ ಹೆಣ್ಣುಮಗಳೊಬ್ಬಳು ಕೆಮ್ಮುತ್ತ ಕೂತಿದ್ದಳು. ಕಂಕುಳಲ್ಲಿ ಕೂಸು, ಕೈಯಲ್ಲಿ ಅದೇ ಪತ್ರ. “ಆಕಿಗೂ ಕೇಳಂಗ ಓದಲೇ” ಎಂದಳು ಅತ್ತೆ.

‘ಯಾವಾಗ ಬೇಕಾದರೂ, ಕಾರಣ ಹೇಳದೆ ಹೊರಗೆ ಹೋಗಬಹುದು’ ಎಂಬ ಸಾಲು ಬಂದದ್ದೇ ತಡ, ಅತ್ತೆ ನೆಟ್ಟಗೆ ಕೂತಳು. “ಕಾರಣ ಹೇಳದಂಗ ನಾ ಎಲ್ಲಿಂದರ ಎದ್ದು ಹೋಗೀನಿ ಏನ್ರಿ?”

ಡಾಕ್ಟರಮ್ಮ ನಗು ತಡೆದುಕೊಂಡು ವಿವರಿಸಿದರು: ಅರ್ಧ ಮಂದಿಗೆ ಹೊಸ ಔಷಧ, ಉಳಿದವರಿಗೆ ಈ ಹಂತದಲ್ಲಿ ಈಗ ಎಲ್ಲರಿಗೂ ಕೊಡುವ ಔಷಧ, ಯಾರಿಗೆ ಯಾವುದೆಂದು ಕಂಪ್ಯೂಟರ್ ಆರಿಸುತ್ತದೆ.

“ಚೀಟಿ ಎತ್ತಿದಂಗ?”

“ಹೌದ್ರಿ ಅಮ್ಮ. ಹೊಸದು ಹೆಚ್ಚು ಚಲೋ ಅಂತ ಮೊದಲೇ ಗೊತ್ತಿದ್ರ ಚೀಟಿ ಯಾಕ ಎತ್ತತಿದ್ವಿ?”

ಇಬ್ಬರೂ ಸಹಿ ಹಾಕಿದರು. ಕೆಲವು ದಿನಗಳ ಮೇಲೆ ಚೀಟಿಯ ಫಲಿತಾಂಶ ಬಂತು. ಉಟ್ಕೂರಿನವಳಿಗೆ ಹೊಸದು. ನಮ್ಮತ್ತೆಗೆ ಹಳೆಯದು!

ಇಷ್ಟು ತಿಂಗಳು ಹುಡುಕಿ, ಅಲೆದು, ಹಳೆಯದೆ? ಆಸ್ಪತ್ರೆಯ ಪಡಸಾಲೆಯಲ್ಲಿ ನಾನೇ ಕೂಗಾಡಿದೆ. “ಹೊರಗ ಬಾ ಅತ್ತಿ, ಪತ್ರದಾಗ ಬರದೈತಿ!” ಅತ್ತೆ ನನ್ನ ತೋಳು ಹಿಡಿದು ಕೂರಿಸಿದಳು. ಜಗಳ ನಿಲ್ಲಿಸುವುದು ಅವಳಿಗೆ ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು.

“ಈ ಕಡಿ ಯಾರೂ ಕುಂದರಲಿಲ್ಲಂದ್ರ, ಆ ಕಡಿ ಔಷಧ ಚಲೋ ಐತೋ ಇಲ್ಲೋ ಹೆಂಗ ತಿಳೀಬೇಕಲೇ? ನಾ ಇರ್ತೀನಿ.”

ಮೂರು ವಾರಕ್ಕೊಮ್ಮೆ ಹೋಗುತ್ತಿದ್ದೇವೆ. ಅತ್ತೆಯ ಗಡ್ಡೆ ಬೆಳೆದಿಲ್ಲ, ಕರಗಿಯೂ ಇಲ್ಲ. ಹೋದ ಸಲ ಲಿಫ್ಟ್ ಕೆಟ್ಟಿತ್ತು. ನಾವು ಎರಡನೇ ಮಹಡಿಗೆ ಹೇಗೋ ಹತ್ತಿ ಕೂತಿದ್ದೆವು. ಆಗ ಉಟ್ಕೂರಿನವಳು ಕೂಸನ್ನೆತ್ತಿಕೊಂಡು ಮೆಟ್ಟಿಲು ಹತ್ತಿ ಬಂದಳು. ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

“ನೋಡಲೇ... ಕೂಸಿನ್ನ ಎತ್ಕೊಂಡು... ಒಂದೀಟೂ ತೇಕಲಿಲ್ಲ ಆಕಿ.”

ಅಷ್ಟು ಹೇಳಲು ಅವಳು ಮೂರು ಸಲ ಉಸಿರೆಳೆದುಕೊಳ್ಳಬೇಕಾಯಿತು.