ನಾಯಕಿ ರಜೆಯಲ್ಲಿದ್ದಾಳೆ

ನಮ್ಮ ಭಾವನವರು ಒಂದೇ ಒಂದು ಕಾದಂಬರಿಯನ್ನು ಏಳು ತಿಂಗಳಿಂದ ಓದುತ್ತಿದ್ದಾರೆ! ಅಕ್ಷರ ಬಾರದವರೆಂದುಕೊಳ್ಳಬೇಡಿ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷದಿಂದ ಸ್ಟೋರ್ ಕೀಪರ್. ಬೋಲ್ಟಿನ ಡಬ್ಬಿಯ ಮೇಲೆ ಇರುವೆ ಗಾತ್ರದಲ್ಲಿ ಬರೆದದ್ದನ್ನೂ ಕನ್ನಡಕವಿಲ್ಲದೆ ಓದುತ್ತಾರೆ. ಆದರೂ ಏಳು ತಿಂಗಳು. ಅಷ್ಟರಲ್ಲಿ ನಾನು ಎರಡು ಹೊಸ ಕ್ಯಾಂಟೀನ್ ಕಾಂಟ್ರಾಕ್ಟ್ ಹಿಡಿದೆ. ಸ್ಕೂಟರಿನ ಹಿಂದೆ ಇಡ್ಲಿ ಡಬ್ಬಿ ಕಟ್ಟಿಕೊಂಡು ಬದುಕು ಶುರು ಮಾಡಿದವಳು ನಾನು. ಕಾಲಹರಣ ಕಂಡರೆ ಮೈಯುರಿ.

ಭಾವ, ಅಂದರೆ ನನ್ನ ಗಂಡನ ಅಣ್ಣ, ಐವತ್ತೊಂದರ ಬ್ರಹ್ಮಚಾರಿ, ನಮ್ಮ ಮನೆಯಲ್ಲೇ ಇದ್ದಾರೆ. ಸ್ಟೋರಿನಲ್ಲಿ ಒಂದು ನಿಯಮವಿದೆ: ಮೊದಲು ಬಂದ ಮಾಲು ಮೊದಲು ಹೋಗಬೇಕು. ಅದನ್ನು ಅವರು ಮನೆಗೂ ತಂದಿದ್ದಾರೆ. ಹೊಸ ಬಾಳೆಹಣ್ಣು ಘಮ್ಮೆನ್ನುತ್ತಿದ್ದರೂ ಮೊನ್ನೆಯ ಕಪ್ಪು ಹಣ್ಣು ಮುಗಿಯುವವರೆಗೆ ಯಾರೂ ಮುಟ್ಟುವಂತಿಲ್ಲ. ನಮ್ಮ ಮನೆಯಲ್ಲಿ ಒಳ್ಳೆಯ ಬಾಳೆಹಣ್ಣು ತಿಂದು ವರ್ಷಗಳಾದವು! ನಾಲ್ಕು ದಿನ ಊರಿಗೆ ಹೋಗಿ ಬಂದರೆ ನಾಲ್ಕೂ ದಿನದ ಪೇಪರನ್ನು ಸಾಲಾಗಿ ಓದಿಯೇ ಇವತ್ತಿಗೆ ಬರುವುದು. ಒಮ್ಮೆ ಚುನಾವಣೆಯ ಫಲಿತಾಂಶ ಬಂದ ಮೂರನೆಯ ದಿನ, "ಈ ಸಲ ಯಾರು ಗೆಲ್ತಾರೋ ಹೇಳೋಕಾಗಲ್ಲ ಕಣಮ್ಮ" ಎಂದು ಗಂಭೀರವಾಗಿ ನುಡಿದರು.

ಇಂಥವರಿಗೆ ಪ್ರೀತಿಯಾಯಿತು. ನಗಬೇಡಿ! ಅದೇ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದ ಮೇಡಂ, ಹಾವೇರಿ ಕಡೆಯವರು, ಮಾಕಳಿಯಲ್ಲಿ ತಾಯಿಯ ಜೊತೆ ಬಾಡಿಗೆಗಿದ್ದಾರೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲನ್ನು ವಾಪಸ್ ಕಳಿಸುವವರು. ಅಂಥವರು ಭಾವನ ಜೊತೆ ಹನ್ನೊಂದು ವರ್ಷ ಚಹಾ ಕುಡಿದಿದ್ದಾರೆಂದರೆ, ಮಾಲು ಪಾಸಾದಂತೆಯೇ ಅಲ್ಲವೇ? ಕೊನೆಗೊಂದು ದಿನ ಭಾವ ಮದುವೆಯ ಮಾತು ತೆಗೆದಾಗ ಆಕೆ ಈ ಕಾದಂಬರಿಯನ್ನು ಕೈಗಿಟ್ಟರಂತೆ.

"ಇದನ್ನ ಪೂರ್ತಿ ಓದ್ರಿ. ನನಗೂ ಹಿಂಗ ಐತಿ. ಓದಿ ಮುಗಿಸಿದ ಮ್ಯಾಲೆ ಇನ್ನೊಮ್ಮೆ ವಿಚಾರ ಮಾಡಿ ಹೇಳ್ರಿ. ಅಲ್ಲೀತನಕ ಈ ಮಾತು ಬ್ಯಾಡ."

ಕಾದಂಬರಿಯ ನಾಯಕಿ ವೈಟ್‌ಫೀಲ್ಡಿನ ಆಫೀಸೊಂದರಲ್ಲಿ ಕೆಲಸ ಮಾಡುವವಳು. ಅವಳಿಗೆ ಖಿನ್ನತೆ, ಮಾತ್ರೆ ತೆಗೆದುಕೊಳ್ಳುತ್ತಾಳೆ. ಪಕ್ಕದ ಸೀಟಿನವನಿಗೆ ಅವಳ ಮೇಲೆ ಮನಸ್ಸು. ನಾನಾಗಿದ್ದರೆ ಎರಡು ಭಾನುವಾರದಲ್ಲಿ ಓದಿ ಮುಗಿಸಿ, ಮೂರನೆಯ ಭಾನುವಾರ ಛತ್ರದವನ ಮುಂದೆ ಚೌಕಾಸಿಗೆ ಕೂತಿರುತ್ತಿದ್ದೆ! ಭಾವ? ಐದನೆಯ ಅಧ್ಯಾಯಕ್ಕೇ ಪುಸ್ತಕ ಮುಚ್ಚಿ ಕಪಾಟಿನಲ್ಲಿಟ್ಟರು.

"ಯಾಕ್ ಭಾವ, ಬೇಜಾರಾಯ್ತಾ?"

"ನಾಯಕಿ ರಜೆಯಲ್ಲಿದ್ದಾಳೆ. ಮೂರು ವಾರ."

"ಪುಟ ತಿರುಗಿಸಿದ್ರೆ ಮೂರು ವಾರ ಆಗೋಗುತ್ತಲ್ಲ!"

"ನಮಗಾಗುತ್ತೆ. ಅವಳಿಗಾಗಬೇಕಲ್ಲ?"

ಮೂರು ವಾರ ಮುಟ್ಟಲಿಲ್ಲ. ಆಮೇಲೆ ಕಾದಂಬರಿಯ ಡಾಕ್ಟರು ಹೊಸ ಮಾತ್ರೆ ಬರೆದು, ಗುಣ ಕಾಣಲು ತಿಂಗಳಾದರೂ ಬೇಕು ಎಂದರಂತೆ. ಓದು ಮತ್ತೆ ಒಂದು ತಿಂಗಳು ಬಂದ್! ಅದು ಮುಗಿದ ಮೇಲೆ ನಾಯಕನ ಸರದಿ. ಅವನು ಅವಳಿಗೆ ದಿನಕ್ಕೆ ಹದಿನಾಲ್ಕು ಸಲ ಫೋನ್ ಮಾಡಿ "ಖುಷಿಯಾಗಿರು, ಖುಷಿಯಾಗಿರು" ಎನ್ನುತ್ತಾನಂತೆ. ಭಾವ ಪುಸ್ತಕಕ್ಕೇ ಗದರಿದರು: "ಲೇ, ಸ್ವಲ್ಪ ಸುಮ್ನಿರೋ! ಅವಳಿಗೆ ಉಸಿರಾಡೋಕೆ ಬಿಡು!" ತನಗೇ ಹೇಳಿದರೆಂದುಕೊಂಡು ನನ್ನ ಗಂಡ ಗಾಬರಿಯಲ್ಲಿ ಟೀವಿ ಆರಿಸಿದರು.

ನನಗೆ ತಡೆಯಲಾಗಲಿಲ್ಲ. ಅವರು ಡ್ಯೂಟಿಗೆ ಹೋದಾಗ ಕೊನೆಯ ಪುಟ ತೆರೆದೆ. ಕರಾರು ಯಾವುದೇ ಇರಲಿ, ಕೊನೆಯ ಪುಟವನ್ನು ಮೊದಲು ಓದಬೇಕು; ನೀವೂ ನೆನಪಿಟ್ಟುಕೊಳ್ಳಿ. ಏನಿತ್ತು ಗೊತ್ತೇ? ಓಲಗವಿಲ್ಲ, ತಾಳಿಯಿಲ್ಲ! ನಾಯಕಿಗೆ ಅವತ್ತು ಮತ್ತೆ ಹಾಸಿಗೆಯಿಂದ ಏಳಲಾಗಿಲ್ಲ, ನಾಯಕ ಅನ್ನಕ್ಕಿಟ್ಟಿದ್ದಾನೆ. ಮುಗಿಯಿತು. ಕುಕ್ಕರ್ ಕೂಗುವುದಕ್ಕೂ ಕಾಯಲಿಲ್ಲ ಆ ಬರಹಗಾರ್ತಿ!

"ಭಾವ, ಕೊನೇಲಿ ಏನಾಗುತ್ತೆ ಹೇಳ್ಬಿಡ್ಲಾ?" ಎಂದೆ ಸಂಜೆ. ಐವತ್ತೊಂದರ ಮನುಷ್ಯ ಎರಡೂ ಕಿವಿ ಮುಚ್ಚಿಕೊಂಡು ಮಹಡಿಗೆ ಓಡಿದರು.

ತಮಾಷೆ ಮಾಡುತ್ತಿದ್ದೆನಾದರೂ ಒಳಗೊಳಗೇ ಭಯವಿತ್ತು. ಇವರು ಹೀಗೆ ತೆವಳುತ್ತ ಕೂತರೆ, ಮನಸ್ಸಿಲ್ಲದೆ ಸತಾಯಿಸುತ್ತಿದ್ದಾರೆ ಎಂದು ಆಕೆ ತಿಳಿದುಕೊಂಡರೆ? ಹನ್ನೊಂದು ವರ್ಷಕ್ಕೆ ಒಂದು ಸಲ ಬಾಯಿಬಿಟ್ಟ ಆಸಾಮಿ. ಇದು ತಪ್ಪಿದರೆ ಈ ಜನ್ಮದಲ್ಲಿ ಇನ್ನೊಂದು ಸಲ ಬಿಡುವವರಲ್ಲ.

ಹೋದ ತಿಂಗಳು ಮೇಡಂ ಕೆಲಸಕ್ಕೆ ಬರುವುದು ನಿಂತಿತು. ಭಾವ ನಾಲ್ಕು ದಿನ ಕಾದರು. ಭಾನುವಾರ ಬೆಳಿಗ್ಗೆ, "ಮಾಕಳಿಗೆ ಹೋಗ್ಬೇಕು. ನೀನೂ ಬಾಮ್ಮ" ಎಂದರು. ಡಬ್ಬಿಗೆ ಬಿಸಿಬೇಳೆಬಾತ್ ತುಂಬಿಕೊಂಡೆ, ತಲೆಗೆ ಸಲಹೆ ತುಂಬಿಕೊಂಡೆ. ಮುಂಜಾನೆ ವಾಕಿಂಗ್, ಸಂಜೆ ದೇವಸ್ಥಾನ, ನಡುವೆ ಧೈರ್ಯ.

ಬಾಗಿಲು ತೆಗೆದ ತಾಯಿ ದನಿ ತಗ್ಗಿಸಿದರು. "ನಿನ್ನೆ ಡಾಕ್ಟರ್ ಕಡೆ ಹೋಗಿ ಬಂದೀವ್ರಿ, ಗುಳಿಗಿ ಬದಲಿ ಮಾಡ್ಯಾರ. ಯಾರ ಕೂಡಾನೂ ಮಾತಾಡವಲ್ಲಳ್ರಿ."

ಇದ್ದದ್ದು ಒಂದೇ ಕೋಣೆ. ಆಕೆ ಗೋಡೆಯ ಕಡೆ ಮುಖ ಮಾಡಿ ಮಂಚದ ಮೇಲೆ ಮಲಗಿದ್ದರು. ನಾನು ಬಾಯಿ ತೆರೆದೆ. ಭಾವ ಕೈಯೆತ್ತಿ ತಡೆದರು. ಈ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತು ವರ್ಷದಲ್ಲಿ ನನ್ನನ್ನು ಹಾಗೆ ತಡೆದವರಿಲ್ಲ, ತಡೆದರೂ ನಾನು ನಿಂತವಳಲ್ಲ. ಅವತ್ತು ನಿಂತೆ.

"ಮೇಡಂ," ಎಂದರು ಹೊಸ್ತಿಲ ಹತ್ತಿರವೇ ನಿಂತು, "ಇನ್ನೂ ಎಂಬತ್ತು ಪುಟ ಇದೆ. ಆದ್ರೂ ಹೇಳ್ಬಿಡ್ತೀನಿ. ನನ್ನ ಮಾತು ಅವತ್ತು ಏನಿತ್ತೋ ಇವತ್ತೂ ಅದೇ. ನೀವೀಗ ಏನೂ ಹೇಳ್ಬೇಕಾಗಿಲ್ಲ."

ಹೊರಗೆ ತುಮಕೂರು ರಸ್ತೆಯ ಲಾರಿಗಳ ಸದ್ದು. ಅದರ ನಡುವೆ ಗೋಡೆಯ ಕಡೆಯಿಂದ ಸಣ್ಣ ದನಿ ಬಂತು.

"ಪುಸ್ತಕದ ಕಡೀಕೂ ಆಕಿ ಪೂರ್ತಿ ಆರಾಮ ಆಗೂದಿಲ್ರೀ."

"ಆಗದಿದ್ರೂ ಸರಿ."

"ಮತ್ತ ಮತ್ತ ಹಿಂಗ ಆಕ್ಕೈತ್ರಿ."

"ಆಗ ಹಿಂಗೇ ಬಂದು ನಿಂತ್ಕೋತೀನಿ."

ಆಕೆ ತಿರುಗಲಿಲ್ಲ. ಚಾಚಿದ್ದ ಕಾಲನ್ನು ಮಾತ್ರ ಮೆಲ್ಲಗೆ ಮಡಚಿಕೊಂಡರು. ಮಂಚದ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.