ತೊಲೆಯ ಕೆಳಗಿನ ನಾಲ್ಕು ಬೆರಳು

ಗೋಡೆ ಕಟ್ಟುವವನಿಗೆ ಹೊಗಳಿಕೆ, ಚಾವಣಿ ಹಾಕುವವನಿಗೆ ಹೋಳಿಗೆ ಊಟ, ಪಾಯ ಹಾಕುವವನಿಗೆ ಮಾತ್ರ ಜೀವಭಯ. ಮಣ್ಣೊಳಗಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಬಿದ್ದ ದಿನ ಅದು ನಮ್ಮ ಕುತ್ತಿಗೆಗೇ ಬರುತ್ತದೆ. ನಾಕನೇ ಇಯತ್ತೆಗೆ ಸಾಲಿ ಬಿಟ್ಟು, ನಿಜಾಮರ ಕಾಲದಲ್ಲಿ ಶಹಾಬಾದಿನ ಕಲ್ಲುಗಣಿ, ವಾಡಿಯ ಕ್ವಾರ್ಟರ್ಸು, ಚಿತ್ತಾಪುರದ ಗೋದಾಮು ಅಂತ ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದವ ನಾನು. ಹೋದಲ್ಲೆಲ್ಲ ಹೆದರಿದ್ದೇನೆ. ಆದರೆ ಸೇಡಮಿನಲ್ಲಿ ಪೊಲೀಸ್ ಅಮೀನರ ಮನೆ ಕಟ್ಟುವಾಗ ಹೆದರಿದಷ್ಟು ಮತ್ತೆಲ್ಲೂ ಹೆದರಿಲ್ಲ.

೧. ಜಾಮೀನಿಗೆ ಕೂತದ್ದು

ಅಮೀನರ ಜಾಗ ಅಪ್ಪಟ ಎರಿ ಮಣ್ಣು. ಬೇಸಿಗೆಯಲ್ಲಿ ಬಿರಿದು ಕಾಲು ನುಂಗುತ್ತದೆ, ಮಳೆ ಬಿದ್ದರೆ ನೆನೆಹಾಕಿದ ಕಡಲೆಯಂತೆ ಉಬ್ಬಿ ಮೇಲಿನ ಗೋಡೆಯನ್ನೇ ಎತ್ತಿ ಒಡೆಯುತ್ತದೆ. ಅದಕ್ಕೆ ನಮ್ಮ ಮೇಸ್ತ್ರಿ ತಳದ ಗಟ್ಟಿ ಗರಸು ನೆಲ ಸಿಗುವತನಕ ಕುಣಿ ತೋಡಿಸಿ, ಕಲ್ಲಿನ ಕಂಬ ಎಬ್ಬಿಸಿ, ಕಂಬದಿಂದ ಕಂಬಕ್ಕೆ ನೆಲದ ಮಟ್ಟದಲ್ಲೇ ಕಬ್ಬಿಣ-ಸಿಮೆಂಟಿನ ತೊಲೆ ಹಾಕಿಸಿದ. ಗೋಡೆಯ ಭಾರ ತೊಲೆಗೆ, ತೊಲೆಯ ಭಾರ ಕಂಬಕ್ಕೆ. ತೊಲೆ ಗಟ್ಟಿಯಾದ ಮೇಲೆ ಅದರ ಕೆಳಗಿನ ಮಣ್ಣು ಕೆದರಿ ನಾಲ್ಕು ಬೆರಳು ಪೊಳ್ಳು ಬಿಡಬೇಕು. ಮಣ್ಣು ಎಷ್ಟು ಬೇಕಾದರೂ ಉಬ್ಬಲಿ, ತೊಲೆಯನ್ನು ಮಾತ್ರ ಮುಟ್ಟಬಾರದು.

ಮಣ್ಣು ಕೆದರಲು ಚಿಂಚೋಳಿ ಕಡೆಯಿಂದ ನಾಲ್ಕು ಮಂದಿ ಬಂದಿದ್ದರು. ಹೊಟ್ಟೆಯ ಮೇಲೆ ಮಲಗಿ, ತೊಲೆಯ ಕೆಳಗೆ ಕೈ ಹಾಕುವ ಹೊತ್ತಿಗೆ ಅವರ ಹಿರಿಯ ಎದ್ದು ಕೂತ.

"ಮೇಸ್ತ್ರೀ, ತೊಲಿ ಬಿದ್ರ ನಮ್ಮ ಕೈ ಹೋಗ್ತಾವ. ನೀವು ಮ್ಯಾಲ ಕುಂದ್ರಿ, ಆಮ್ಯಾಲ ನಾವು ಕೈ ಹಾಕ್ತೀವಿ."

"ನಾ ಯಾಕ ಕುಂದ್ರಬೇಕೋ?"

"ಜಾಮೀನಿಗೆ."

ಮೇಸ್ತ್ರಿ ಕೂತ. ಹಿರಿಯ ಮತ್ತೆ ತಲೆ ಎತ್ತಿ ಮೇಸ್ತ್ರಿಯ ಹೊಟ್ಟೆಯನ್ನೇ ನೋಡಿದ. "ನೀವು ಬ್ಯಾಡ್ರಿ. ನಿಮ್ಮ ಭಾರಕ್ಕೇ ಬೀಳ್ತದ. ಯಾರರ ಸಣಕಲನ್ನ ಕೂಡಸ್ರಿ."

ಸಣಕಲ ಎಂದರೆ ನಾನೇ. ಚೈತ್ರದ ಬಿಸಿಲಲ್ಲಿ ಕಾದ ತೊಲೆಯ ಮೇಲೆ ಮಧ್ಯಾಹ್ನದತನಕ ಕೂತೆ. ಕೆಳಗಿನವರು ಮೇಲಿಂದ ನಾ ಬಿದ್ದೇನೆಂದು ಹೆದರುತ್ತಿದ್ದರು, ನಾನು ಕೆಳಗೆ ಅವರು ಏನು ಕೆದರುತ್ತಿದ್ದಾರೋ ಎಂದು ಹೆದರುತ್ತಿದ್ದೆ. ಕೆಲಸ ಮುಗಿದು ಎದ್ದಾಗ ತೊಲೆಗೆ ಏನೂ ಆಗಿರಲಿಲ್ಲ. ನಾನು ಮಾತ್ರ ಮೂರು ದಿನ ಊಟಕ್ಕೂ ನಿಂತೇ ಇದ್ದೆ.

೨. ಹವಾದ ಮೇಲಿನ ಮನೆ

ಗೋಡೆ ಎದ್ದು ಚಾವಣಿ ಬಿದ್ದ ಮೇಲೆ ಅಮೀನರು ನೋಡಲು ಬಂದರು. ಅವರು ಬಂದರೆಂದರೆ ಸೇಡಮಿನ ಬಜಾರದಲ್ಲಿ ನಾಯಿಯೂ ಬೊಗಳುವುದಿಲ್ಲ. ತೊಲೆಯ ಕೆಳಗಿನ ಸಂದಿಗೆ ಬೆತ್ತ ಚುಚ್ಚಿದರು. ಬೆತ್ತ ಹಿಡಿಕೆಯತನಕ ಒಳಗೆ ಹೋಯಿತು.

"ಮೇಸ್ತ್ರೀ, ನನ್ನ ಮನಿ ಹವಾದ ಮ್ಯಾಲ ನಿಂತದೇನು?"

"ಇಲ್ರಿ ಸರಕಾರ, ಕಂಬದ ಮ್ಯಾಲ. ಮಣ್ಣು ಉಬ್ಬಲಿಕ್ಕೆ ಜಾಗಾ ಬಿಟ್ಟೀವ್ರಿ."

"ಮಣ್ಣಿಗಿ ಜಾಗಾ ಬಿಡ್ಲಿಕ್ಕೆ ನಾ ಮನಿ ಕಟ್ಟಸ್ಲಿಕತ್ತೀನೇನು?" ಅಮೀನರು ಬೆತ್ತ ಒರೆಸಿಕೊಂಡರು. "ಮಳಿಗಾಲ ಮುಗಿಯೋತನಕ ಇಬ್ಬರೂ ಊರು ಬಿಡಬ್ಯಾಡ್ರಿ. ಒಂದು ಬಿರುಕು ಕಂಡ್ರ, ಇದೇ ಸಂದ್ಯಾಗ ನಿಮ್ಮನ್ನ ಹಾಕಿ ಮುಚ್ಚಸ್ತೀನಿ."

ಅವರು ಹೋದ ಮೇಲೆ ಮೇಸ್ತ್ರಿ ಬಗ್ಗಿ ಆ ಸಂದಿ ನೋಡಿದ. "ನಾಕೇ ಬೆರಳು ಅದ ಅಲ್ಲೋ. ನಾ ಇದರಾಗ ಹಿಡೀತೀನೇನು?"

"ಅವ್ರು ಅಮೀನ್ರು ಅದಾರ್ರಿ," ಎಂದೆ. "ಹಿಡಿಸ್ತಾರ."

೩. ಅವ್ವನ ಉಪಕಾರ

ಅಮೀನರಿಗೆ ತಾಲ್ಲೂಕೆಲ್ಲ ಹೆದರುತ್ತಿತ್ತು. ಅಮೀನರು ಹೆದರುತ್ತಿದ್ದದ್ದು ಅವರ ಅವ್ವನಿಗೆ. ಅವ್ವ ಹೆದರುತ್ತಿದ್ದದ್ದು ಹಾವಿಗೆ.

ಮಿರಗದ ಮೊದಲ ಮಳೆ ಸಣ್ಣಗೆ ಹನಿದ ಮರುದಿನ ಬಿರುಕು ನೋಡಲು ಹೋದೆವು. ಬಿರುಕು ಇರಲಿಲ್ಲ, ಸಂದಿಯೂ ಇರಲಿಲ್ಲ. ಮನೆಯ ಸುತ್ತ ನಾಲ್ಕೂ ಕಡೆ ಎರಿ ಮಣ್ಣು ಜಡಿದು, ಸಗಣಿ ಸಾರಿಸಿ, ರಂಗೋಲಿಯ ಎಳೆ ಎಳೆದಿತ್ತು.

ಅವ್ವ ಕೈ ತೊಳೆಯುತ್ತ ಬಂದರು. "ಹುಳಾ ಹುಪ್ಪಡಿ ಹೊಗ್ತಾವಂತ ಎಂಟು ದಿನದಿಂದ ನಾನೇ ಮುಚ್ಚೀನಪಾ. ನೀವು ಮರೆತು ಬಿಟ್ಟಿದ್ರಿ, ಮಗನ ಮುಂದ ಹೇಳಿಲ್ಲ. ಬೈತಾನ ನಿಮಗ."

ಮೇಸ್ತ್ರಿ ಜಡಿದ ಮಣ್ಣಿಗೆ ಬೆರಳು ಒತ್ತಿ ನೋಡಿದ. ದೊಡ್ಡ ಮಳೆ ಬಿದ್ದರೆ ಮಣ್ಣು ಉಬ್ಬಿ ತೊಲೆಯನ್ನು ಎತ್ತುತ್ತದೆ, ಗೋಡೆ ಬಿರಿಯುತ್ತದೆ. ತೆಗೆಯುತ್ತೇವೆಂದರೆ ಅವ್ವ ಬಿಡುವುದಿಲ್ಲ. ಅವ್ವನ ತಪ್ಪೆಂದು ಅಮೀನರಿಗೆ ಹೇಳಿದರೆ ಬಿರುಕು ಬರುವತನಕವೂ ನಾವು ಉಳಿಯುವುದಿಲ್ಲ.

"ಇವನ ಮಾರಿ ಯಾಕ ಹಿಂಗ ಬೆಳ್ಳಗಾತು?" ಅಂದರು ಅವ್ವ.

"ನೀವು ಮಾಡಿದ ಉಪಕಾರಕ್ಕ ಮೇಸ್ತ್ರಿಗಿ ಮಾತೇ ಬರವಲ್ವುರಿ," ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

೪. ಹಾವಿನ ತಪಾಸು

ಬಡಗಣ ದಿಕ್ಕಿಗೆ ಮೋಡ ಕಪ್ಪಾಗುತ್ತಿತ್ತು. ಮೇಸ್ತ್ರಿಗೆ ಹೆದರಿಕೆಯಲ್ಲೇ ಬುದ್ಧಿ ಹುಟ್ಟಿತು.

"ಅವ್ವಾ, ಮುಚ್ಚಿದ್ದು ಬರೋಬ್ಬರಿ. ಆದ್ರ ಹಾವು ಒಳಗ ಇದ್ದಾಗ ಮುಚ್ಚೀರಿ. ನಾ ಹ್ವಾದ ವಾರ ಕಣ್ಣಾರೆ ನೋಡೀನ್ರಿ ಒಳಗ ಹೋಗಿದ್ದು."

ಅವ್ವ ಕಿರುಚಿದ್ದು ಠಾಣೆಗೆ ಕೇಳಿಸಿತು. ಅಮೀನರು ಜವಾನರನ್ನು ಕರಕೊಂಡು ಓಡಿ ಬಂದರು. ನೋಡನೋಡುತ್ತ ಆರು ಜವಾನರು ಟೋಪಿ ತೆಗೆದಿಟ್ಟು, ಹೊಟ್ಟೆಯ ಮೇಲೆ ಮಲಗಿ ಎರಿ ಮಣ್ಣು ಕೆದರತೊಡಗಿದರು. ಇಬ್ಬರು ದೇವರ ಹೆಸರು ಹೇಳುತ್ತಿದ್ದರು, ಒಬ್ಬ ಹೆಂಡತಿಯ ಹೆಸರು. ಮಳೆ ದಪದಪ ಶುರುವಾಗುವ ಹೊತ್ತಿಗೆ ಸುತ್ತಲೂ ನಾಲ್ಕು ಬೆರಳು ಬಯಲಾಯಿತು.

"ಹಾವೆಲ್ಲಿ?" ಅಂದರು ಅಮೀನರು.

ಮೇಸ್ತ್ರಿ ಜವಾನರತ್ತ ನೋಡಿದ. ಹಾವು ಕಾಣಲಿಲ್ಲ ಎನ್ನುವ ಧೈರ್ಯ ಅವರಿಗೂ ಇರಲಿಲ್ಲ.

"ಹ್ವಾತ್ರಿ ಸರಕಾರ, ನನ್ನ ಕೈಮ್ಯಾಲಿಂದೇ," ಅಂದ ಒಬ್ಬ.

"ಮಾರುದ್ದ ಇತ್ರಿ," ಅಂದ ಇನ್ನೊಬ್ಬ. ಆರನೆಯವನ ಹತ್ತಿರ ಬರುವಷ್ಟರಲ್ಲಿ ಹಾವು ಮೂರು ಮಾರಾಗಿ, ಹೆಡೆಯೂ ಬಂದಿತ್ತು. ನನಗೇ ಹೆದರಿಕೆಯಾಗಿ ಕಾಲು ಮೇಲೆ ತಗೊಂಡೆ.

ಅವ್ವ ಉಸಿರು ಬಿಟ್ಟರು. "ಪಾಪ, ಹ್ವಾತಲ್ಲ. ಇನ್ನ ಜಲ್ದಿ ಮುಚ್ಚಸ್ರಪಾ."

ಜವಾನರು ಬುಟ್ಟಿ ಎತ್ತಿದರು. ಮೇಸ್ತ್ರಿ ಅಡ್ಡ ನಿಂತ. "ಬ್ಯಾಡ್ರಿ ಅವ್ವಾ. ಹ್ವಾದದ್ದು ಗಂಡು. ಹೆಣ್ಣು ಇನ್ನಾ ಒಳಗೇ ಅದ."

ಬುಟ್ಟಿಗಳು ಕೆಳಗೆ ಬಿದ್ದವು. ಮಳೆಗಾಲವೆಲ್ಲ ಆ ಸಂದಿಯನ್ನು ಯಾರೂ ಮುಟ್ಟಲಿಲ್ಲ. ಅವ್ವ ಸೋಮವಾರಕ್ಕೊಮ್ಮೆ ಹಾಲಿಟ್ಟರು. ಅಮೀನರು ತಮ್ಮ ಮನೆಯ ಹೊಸ್ತಿಲನ್ನು ದಿನಾ ಹಾರಿ ದಾಟಿದರು. ಮಣ್ಣು ಉಬ್ಬಿತು, ಮತ್ತೆ ಇಳಿಯಿತು. ಗೋಡೆಯ ಮೇಲೆ ಕೂದಲೆಳೆಯಷ್ಟೂ ಬಿರುಕಿಲ್ಲ.

ದಸರೆಗೆ ಅಮೀನರು ಮೇಸ್ತ್ರಿಯನ್ನೂ ನನ್ನನ್ನೂ ಕರೆದು ಗೋಡೆ ಸವರಿ ನೋಡಿದರು. "ಕೆಲಸ ಪಕ್ಕಾ ಅದ. ಈ ಹುಡುಗ ಎಲ್ಲಿಗಿ ಬೇಕಾದ್ರೂ ಹೋಗಲಿ."

ಮೇಸ್ತ್ರಿ ಕೈ ಮುಗಿದ. "ಮತ್ತ ನಾನ್ರಿ, ಸರಕಾರ?"

"ನೀನೂ ಹೋಗು. ಆ ಹೆಣ್ಣು ಹಾವು ಹೊರಗ ಬಂದ ಮ್ಯಾಲ."

ಮೇಸ್ತ್ರಿ ನನ್ನ ಮುಖ ನೋಡಿದ. ನಾನು ವಾಡಿ ಗಾಡಿಯ ಹೊತ್ತಾಯಿತೇ ಎಂದು ಬಿಸಿಲು ನೋಡಿದೆ.